ಗದ್ದದ ಹತ್ತಿರ ಡಸ್ಟರ್

ಬನಹಟ್ಟಿಯ ಆ ಓಣಿಯಲ್ಲಿ ಜನ ಬೆಚ್ಚಿ ಹೊರಗೆ ಬರುವುದು ಮಗ್ಗಗಳು ನಿಂತಾಗ. ಓಡುತ್ತಿರುವಷ್ಟು ಹೊತ್ತು ಅವುಗಳ ಕಡೆ ಯಾರ ಲಕ್ಷ್ಯವೂ ಇರುವುದಿಲ್ಲ. ಬೆಳಗಿನಿಂದ ಖಟಾಖಟ ಹೊಡೆದುಕೊಳ್ಳುವ ಆ ಸದ್ದಿನೊಳಗೇ ಕೂಸುಗಳು ಮಲಗುತ್ತವೆ, ಮುದುಕರು ಜಪ ಮಾಡುತ್ತಾರೆ, ಬೀಗರು ಬಂದರೆ ಮಾತುಕತೆಯೂ ನಡೆಯುತ್ತದೆ. ಮಾತೆಂದರೆ ದನಿ ತೆಗೆದು ಆಡುವ ಮಾತಲ್ಲ. ಮಗ್ಗದ ಮನೆಯಲ್ಲಿ ದನಿ ತೆಗೆದರೆ ಗಂಟಲು ಹರಿದೀತೇ ಹೊರತು ಆಚೆಯವರಿಗೆ ಮುಟ್ಟುವುದಿಲ್ಲ. ಅದಕ್ಕೇ ಅಲ್ಲಿಯವರು ತುಟಿಯನ್ನಷ್ಟೇ ಆಡಿಸುತ್ತಾರೆ. ನೂಲು ಹರಿಯಿತು, ಚಹಾ ಆಯಿತು, ಕೂಸು ಎದ್ದಿತು, ಎಲ್ಲವೂ ತುಟಿಯ ಮೇಲೆಯೇ. ಮಗ್ಗಗಳ ಸಾಲಿನ ಆ ತುದಿಯಲ್ಲಿ ನಿಂತವರು ನೋಡಿ ತಿಳಿದುಕೊಂಡು ತಲೆ ಆಡಿಸುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕಾವೇರಿಯೂ ಅಂಥ ಮನೆಯಲ್ಲಿ ಹುಟ್ಟಿದವಳೇ. ಅವ್ವ ಮುದಕವ್ವ ಕಂಡಿಕೆಗೆ ನೂಲು ಸುತ್ತುತ್ತ, ಅಪ್ಪ ನಿಂಗಣ್ಣ ಮಗ್ಗ ನಡೆಸುತ್ತ ಓದಿಸಿದ ಒಬ್ಬಳೇ ಮಗಳು. ಡಿ.ಎಡ್. ಮುಗಿಸಿ ಅದೇ ಓಣಿಯ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಅತಿಥಿಯೆಂದರೆ ಅತಿಥಿಯೇ. ಜೂನಿನಲ್ಲಿ ಮತ್ತೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ನಡುವೆ ಯಾವತ್ತಾದರೂ ಸಾಕು ಎಂದರೂ ಕೇಳುವವರಿಲ್ಲ. ಅವಳ ಪಾಲಿಗೆ ಬಂದದ್ದು ಸಣ್ಣ ಮಕ್ಕಳ ಇಂಗ್ಲಿಷು. ಬಾಗಿಲು, ಕಿಟಕಿ, ಬೆಂಚು, ಚೀಲ, ಸೀಸದ ಕಡ್ಡಿ, ಹೀಗೆ ಕಣ್ಣೆದುರು ಇರುವ ವಸ್ತುಗಳ ಹೆಸರು. ಅದನ್ನು ಅವಳು ಕಲಿಸುವ ರೀತಿಯೂ ಅವಳದೇ. ಮೇಜಿನ ಮೇಲೆ ಎಲ್ಲವನ್ನೂ ಹರವಿ ಇಡುವಳು. ಒಂದೊಂದೇ ಕೂಸು ಬಂದು ತನಗೆ ಬೇಕಾದ್ದನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಗದ್ದದ ಹತ್ತಿರ ಹಿಡಿದು, ಅದರ ಹೆಸರು ಹೇಳಬೇಕು. ಗದ್ದದ ಹತ್ತಿರವೇ ಯಾಕೆ ಎಂದು ಮುಖ್ಯ ಗುರುಗಳು ಅನಂತಪ್ಪ ಒಮ್ಮೆ ಕೇಳಿದ್ದರು.

"ವಸ್ತು ಮತ್ತ ಬಾಯಿ ಕೂಡೇ ಕಂಡ್ರ ಮಕ್ಕಳ ತಲ್ಯಾಗ ಗಟ್ಟಿ ಕುಂದರ್ತೈತ್ರಿ ಸರ್" ಎಂದಿದ್ದಳು.

ಅದು ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ಬೇರೆ ಇತ್ತು.

ಕಾವೇರಿಗೆ ಕಿವಿ ಕೇಳುತ್ತಿರಲಿಲ್ಲ.

ಅದು ಯಾವಾಗ ಹೋಯಿತೋ ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಹೇಗಿದ್ದರೂ ತುಟಿಯ ಮಾತು, ಅವ್ವನ ಕಿವಿಯೂ ಅಷ್ಟಕ್ಕಷ್ಟೇ. ಗೊತ್ತಾದದ್ದು ಶ್ರಾವಣದಲ್ಲಿ, ಮಠದ ಪುರಾಣದಲ್ಲಿ. ಸಂಜೆಯ ಪುರಾಣಕ್ಕೆ ಅವ್ವನ ತೊಡೆಯ ಮೇಲೆ ಕೂತು ಬೆಳೆದ ಹುಡುಗಿ ಅವಳು. ಶಾಸ್ತ್ರಿಗಳು ಪದ್ಯ ಎತ್ತಿದರೆ ಮುಂದಿನ ಸಾಲು ಅವಳ ಎದೆಯಲ್ಲಿ ತಾನಾಗಿ ಏಳುತ್ತಿತ್ತು. ಆ ಸಂಜೆಯೂ ಹಾಗೆಯೇ. ಕಣ್ಣು ಮುಚ್ಚಿ ಕಂಬಕ್ಕೆ ಒರಗಿ ಕೂತಿದ್ದಳು. ಪದ್ಯ ಸಾಗುತ್ತಿತ್ತು. ಪ್ರಾಸ ಪ್ರಾಸಕ್ಕೆ ತಾಗಿ, ಸಾಲು ಸಾಲಿಗೆ ಕೈ ಕೊಟ್ಟು, ಸ್ಪಷ್ಟವಾಗಿ, ಸವಿಯಾಗಿ. ಯಾರೋ ಭುಜ ಅಲುಗಿಸಿದರು. ಕಣ್ಣು ತೆರೆದರೆ ಕರೆಂಟು ಹೋಗಿದೆ, ಮೈಕು ನಿಂತಿದೆ, ಶಾಸ್ತ್ರಿಗಳು ಪುಸ್ತಕ ಮುಚ್ಚಿ ಎದ್ದು ನಿಂತಿದ್ದಾರೆ, ಜನರೆಲ್ಲ ಎದ್ದು ಆರತಿಗೆ ಕೈ ಚಾಚುತ್ತಿದ್ದಾರೆ. ಅವಳೊಳಗೆ ಮಾತ್ರ ಪದ್ಯ ಇನ್ನೂ ನಡೆದೇ ಇತ್ತು. ಯಾರೂ ಹಾಡದ ಪದ್ಯ! ಇಷ್ಟು ದಿನ ತಾನು ಕೇಳಿದ್ದೆಲ್ಲ ಹೊರಗಿನದೋ, ಒಳಗಿನ ನೆನಪೋ? ಆರತಿಯ ಬಿಸಿ ಮುಖಕ್ಕೆ ತಾಗಿದಾಗ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಆ ಸದ್ದು ಅವಳಿಗೆ ಎಲುಬಿನೊಳಗಿಂದ ತಿಳಿಯಿತು.

ಆಮೇಲೆ ಒಂದು ರವಿವಾರ, ಕುಪ್ಪಸದ ಬಟ್ಟೆ ತರುತ್ತೇನೆಂದು ಹೇಳಿ ಜಮಖಂಡಿಯ ಬಸ್ಸು ಹತ್ತಿದ್ದಳು. ಕಿವಿ ಮೂಗು ಗಂಟಲು ಎಂದು ಬೋರ್ಡು ಹಾಕಿದ ದವಾಖಾನೆಯ ಮೆಟ್ಟಿಲವರೆಗೆ ಹೋದಳು. ಒಳಗಿನ ಬೆಂಚಿನ ಮೇಲೆ ಬನಹಟ್ಟಿಯ ಪರಿಚಿತ ಮುಖವೊಂದು ಕಂಡಿತು. ಅಥವಾ ಕಂಡಂತಾಯಿತು. ಅಲ್ಲಿಂದಲೇ ಹಿಂದಿರುಗಿ, ಬೇಡವಾದ ಬಟ್ಟೆಯೊಂದನ್ನು ಕೊಂಡು ಮನೆಗೆ ಬಂದಳು.

ಶಾಲೆಗೆ ಗೊತ್ತಾದರೆ? ಕೇಳದವಳು ಇಂಗ್ಲಿಷು ಹೇಗೆ ಕಲಿಸುತ್ತಾಳೆ ಎಂದು ಯಾರಾದರೂ ಒಂದು ಮಾತು ಆಡಿದರೆ ಮುಗಿಯಿತು. ಆ ಮಕ್ಕಳು, ಆ ಮೇಜು, ಬೆಳಗಾದರೆ ಸೀರೆಯ ಸೆರಗು ಸರಿಮಾಡಿಕೊಂಡು ಹೋಗಲು ಇರುವ ಆ ಒಂದು ಜಾಗ ಹೋಗಿಬಿಡುತ್ತದೆ. ಉಳಿಯುವುದು ಮಗ್ಗದ ಮನೆ, ಕಂಡಿಕೆ, ಅವ್ವನ ಪಕ್ಕದ ಮಣೆ. ಈ ಭಯ ಅವಳ ಜೊತೆಗೆ ಏಳುತ್ತಿತ್ತು, ಅವಳ ಜೊತೆಗೆ ಉಣ್ಣುತ್ತಿತ್ತು. ಯಾರಾದರೂ ಹಿಂದಿನಿಂದ ಕರೆದಾರೆಂದು ಅವಳು ಓಣಿಯಲ್ಲಿ ಗೋಡೆಗೆ ಅಂಟಿಕೊಂಡು, ಆಗಾಗ ಹಿಂದೆ ತಿರುಗಿ ನೋಡುತ್ತ ನಡೆಯಲು ಕಲಿತಳು. ಎದುರಿನವರ ತುಟಿಯಿಂದ ಕಣ್ಣು ತೆಗೆಯದಿರಲು ಕಲಿತಳು. 'ಏನ್ ದಿಟ್ಟಿಸಿ ನೋಡ್ತಾಳವಾ ನಿಮ್ಮ ಮಗಳು' ಎಂದು ನೆರೆಯವರು ಮುದಕವ್ವನಿಗೆ ಹೇಳಿದ್ದನ್ನೂ ಅವಳು ತುಟಿಯಲ್ಲೇ ಓದಿದಳು.

ಶಾಲೆಯಲ್ಲಿ ಅವಳಿಗೆ ದೊಡ್ಡ ತೊಡಕೆಂದರೆ ಅನಂತಪ್ಪ ಗುರುಗಳ ಮೀಸೆ. ಮೇಲಿನ ತುಟಿಯನ್ನು ಪೂರ್ತಿ ನುಂಗಿದ ಮೀಸೆ ಅದು. ಅವರ ಮಾತಿನಲ್ಲಿ ಅರ್ಧ ಮೀಸೆಯೊಳಗೇ ಉಳಿದುಬಿಡುತ್ತಿತ್ತು. ಉಳಿದರ್ಧಕ್ಕೆ ಅವಳು "ಹೂಂರಿ" ಎನ್ನುತ್ತಿದ್ದಳು. ಆದರೂ ಅವರು ಅವಳ ಮೇಲೆ ಖುಷಿಯಾಗಿದ್ದರು. "ನಿಮ್ಮ ಕ್ಲಾಸ್ ಭಾಳ ಶಿಸ್ತು ನೋಡ್ರಿ ಕಾವೇರಿ. ಗದ್ದಲನ ಇಲ್ಲ" ಎಂದು ಎರಡು ಮೂರು ಸಲ ಹೇಳಿದ್ದರು. ಅವಳು ಅದನ್ನು ಹೊಗಳಿಕೆಯೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅನಂತಪ್ಪನವರು ಕಪಾಟಿನಲ್ಲಿ ಏನನ್ನೋ ಹುಡುಕುತ್ತ, ಬೆನ್ನು ಅವಳ ಕಡೆ ಮಾಡಿ ಮಾತನಾಡಿದರು. ತಿರುಗಿದಾಗ ಅವಳಿಗೆ ಸಿಕ್ಕಿದ್ದು ಮಾತಿನ ಬಾಲ ಮಾತ್ರ.

"...ಧರ್ಮರಾಜ ಸರ್ ಅಂದ್ರ ಕಡಕ್ ಮನಷಾ. ಮಕ್ಕಳ ಬಾಯಾಗ ಇಂಗ್ಲಿಷ್ ಬರಬೇಕು ಅಂತಾನ. ಬರದಿದ್ರ ಅಲ್ಲೇ ಟೀಚರ್ ಬದಲಿ ಮಾಡ್ತಾನ. ಬೀಳಗಿ ಕಡಿ ಇಬ್ರನ್ನ ಮಾಡ್ಯಾನಂತ. ತಯ್ಯಾರಿ ಅದೀರಿ ಹೌದಿಲ್ರಿ?"

"ಹೂಂರಿ ಸರ್."

ತಪಾಸಣೆಯ ಸಾಹೇಬರು ಯಾವತ್ತು ಬರುತ್ತಾರೆ? ಅದನ್ನು ಕಪಾಟಿಗೆ ಹೇಳಿದ್ದರು ಅವರು. ಮತ್ತೆ ಕೇಳಿದರೆ ಈಗಷ್ಟೇ ಹೇಳಿದೆನಲ್ಲ ಎಂದಾರು. ಕಾವೇರಿ ಬಿಸಿಯೂಟದ ಕೋಣೆಗೆ ಹೋದಳು. ಅಡುಗೆಯ ಗುರುಬಸವ್ವ ಒಲೆಯ ಮುಂದೆ ಕೂತಿದ್ದಳು.

"ಗುರುಬಸವ್ವಾ, ಸಾಹೇಬ್ರ ಬರೂದು ಯಾವತ್ತಂತವಾ?"

"ನನಗೇನ್ ಗೊತ್ತ ಬೇ! ಸಾರಿಗಿ ಉಪ್ಪ ಹೆಚ್ಚಾಗಬಾರ್ದು ಅಂದಾರ ಗುರುಗಳು. ಹಂಗಾರ ದಿನಾ ಹೆಚ್ಚಾಗತೈತೇನು? ತಾವ ಎರಡೆರಡ ಸಲ ಹಾಕಿಸ್ಕೊಂಡ ಉಣ್ತಾರಲ್ಲಾ, ಆವಾಗ ಉಪ್ಪ ಎಲ್ಲಿ ಹೋಗಿತ್ತು?"

ಕಾವೇರಿ ನಕ್ಕಂತೆ ಮಾಡಿದಳು. ಅವತ್ತಿನಿಂದ ಪ್ರತಿ ಮುಂಜಾನೆಯೂ ಅವಳಿಗೆ ಸಾಹೇಬರು ಬರುವ ಮುಂಜಾನೆಯೇ. ಗೇಟಿನ ಕಡೆ ಒಂದು ಕಣ್ಣು, ಮಕ್ಕಳ ತುಟಿಯ ಮೇಲೆ ಒಂದು ಕಣ್ಣು. ರಬಕವಿಯ ಗುಡ್ಡದ ಮಲ್ಲಯ್ಯನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು. ಇವತ್ತೊಂದ ದಿನ ದಾಟಸಪಾ ತಂದಿ. ಮಕ್ಕಳಿಗೆ ಮಾತ್ರ ಎಲ್ಲ ಬರುತ್ತಿತ್ತು. ಅದೊಂದೇ ಅವಳ ಧೈರ್ಯ. ಕುಣಾಲ ಡಸ್ಟರ್ ಎತ್ತಿ ಗದ್ದಕ್ಕೆ ಹಿಡಿದರೆ ಅವನ ತುಟಿಯ ಮೇಲೆ ಡಸ್ಟರ್ ಎಂಬುದು ಅಚ್ಚೊತ್ತಿದಂತೆ ಕಾಣುತ್ತಿತ್ತು. ಭಾಗ್ಯಾ ಎಂಬ ಸಣ್ಣ ಹುಡುಗಿಯಂತೂ ಶಾರ್ಪನರ್ ಎನ್ನುವಾಗ ತುಟಿಯನ್ನು ಹೂವಿನಂತೆ ಮುಂದೆ ಚಾಚುತ್ತಿದ್ದಳು. ತಪ್ಪಿದರೆ ತಿದ್ದುತ್ತಿದ್ದಳು ಕಾವೇರಿ. ತಿದ್ದಿದ್ದನ್ನು ಅವರು ಹಿಡಿದುಕೊಳ್ಳುತ್ತಿದ್ದರು.

ಒಂದು ಬುಧವಾರ, ಹಾಜರಿ ಕರೆದು ಮುಗಿದಿತ್ತು. ಮೇಜಿನ ಮೇಲೆ ವಸ್ತುಗಳನ್ನು ಹರವುತ್ತಿದ್ದ ಕಾವೇರಿಯ ಕೈ ನಿಂತಿತು. ಏನೋ ಬದಲಾಗಿತ್ತು. ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಅಂಗಾಲಿನ ಕೆಳಗೆ ಯಾವಾಗಲೂ ಇರುತ್ತಿದ್ದ ನಡುಕ ಇರಲಿಲ್ಲ. ಗೋಡೆಗೆ ಅಂಗೈ ಊರಿ ನೋಡಿದಳು. ಗೋಡೆ ಸತ್ತಂತಿತ್ತು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿವೆ. ಊರೆಲ್ಲ ಈಗ ನಿಶ್ಶಬ್ದ. ಸಣ್ಣ ಕೆಮ್ಮೂ ಕೇಳುವಷ್ಟು ನಿಶ್ಶಬ್ದ. ಅವಳಿಗಲ್ಲ, ಉಳಿದವರಿಗೆ.

ತಲೆ ಎತ್ತಿದರೆ ಬಾಗಿಲಲ್ಲಿ ಅನಂತಪ್ಪನವರ ಮೀಸೆ. ಅದರ ಪಕ್ಕದಲ್ಲಿ ಹೆಗಲಿಗೆ ಬ್ಯಾಗು ಹಾಕಿದ, ನುಣ್ಣಗೆ ಮುಖ ಬೋಳಿಸಿಕೊಂಡ ಎತ್ತರದ ಮನುಷ್ಯ. ಮೀಸೆ ಇಲ್ಲ, ದೇವರು ದೊಡ್ಡವನು ಎಂದುಕೊಂಡಳು.

"ನಾನು ಧರ್ಮರಾಜ, ಜಮಖಂಡಿಯಿಂದ" ಎಂದರು ಅವರು. ಬಿಡಿಬಿಡಿಯಾಗಿ ಆಡುವ ತುಟಿ. "ನಡೀಲಿ ನಿಮ್ಮ ಪಾಠ. ನಾ ಹಿಂದ ಕುಂದರ್ತೀನಿ."

ಹಿಂದೆ ಹೋಗಿ ಕೂತರು. ಮಕ್ಕಳ ಬೆನ್ನುಗಳು ಅವರ ಕಡೆ, ಮಕ್ಕಳ ಮುಖಗಳು ಕಾವೇರಿಯ ಕಡೆ.

"ಕುಣಾಲ, ಕಮ್" ಎಂದಳು. ಕುಣಾಲ ಬಂದ. ಡಸ್ಟರ್ ಎತ್ತಿದ. ಗದ್ದಕ್ಕೆ ಹಿಡಿದು ಅವಳನ್ನು ನೋಡುತ್ತ ಹೇಳಿದ. ಸರಿಯಾಗಿತ್ತು. "ವೆರಿ ಗುಡ್!" ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅಜಯ ಬಂದು ಸ್ಕೇಲ್ ಹೇಳಿದ. ಅದೂ ಸರಿ. ಭಾಗ್ಯಾ ಬಂದಳು, ಶಾರ್ಪನರ್ ಎಂದಳು. ಅದೂ ಸರಿ. ಕಾವೇರಿಯ ಉಸಿರು ತುಸು ಹಗುರಾಯಿತು. ಆದರೆ ಸಾಹೇಬರ ಹುಬ್ಬು ಗಂಟಿಕ್ಕಿತ್ತು. ನನ್ನ ಉಚ್ಚಾರ ಸರಿಯಾಗಲಿಲ್ಲವೇನೋ ಎಂದು ಅವಳು ದನಿ ಏರಿಸಿದಳು. ಗಂಟು ಇನ್ನೂ ಬಿಗಿಯಾಯಿತು. ಬಾಗಿಲಲ್ಲಿ ನಿಂತ ಅನಂತಪ್ಪನವರು ಒಮ್ಮೆ ಮಕ್ಕಳನ್ನು, ಒಮ್ಮೆ ಸಾಹೇಬರನ್ನು ನೋಡುತ್ತಿದ್ದರು. ಅವರ ಬಾಯಿ ತೆರೆದಿತ್ತು. ಮೊದಲ ಸಲ ಅವಳಿಗೆ ಅವರ ಮೇಲಿನ ತುಟಿ ಕಂಡಿತು.

ಧರ್ಮರಾಜ ಎದ್ದರು. ಸಾಲುಗಳ ನಡುವೆ ಮೆಲ್ಲಗೆ ಬಂದು ಮೇಜಿನ ಪಕ್ಕ ನಿಂತರು. ಕುಣಾಲನನ್ನು ಕೈ ಸನ್ನೆಯಿಂದ ಕರೆದರು.

"ಇದೇನು?"

ಕುಣಾಲ ಡಸ್ಟರನ್ನು ಗದ್ದಕ್ಕೆ ಹಿಡಿದು ಹೇಳಿದ. ಕಾವೇರಿ ನೋಡಿದಳು. ಡಸ್ಟರ್. ತಪ್ಪೇನಿಲ್ಲ.

ಧರ್ಮರಾಜ ಬಗ್ಗಿ, ಕಿವಿಯ ಹಿಂದೆ ಅಂಗೈ ಇಟ್ಟು, ಹುಡುಗನ ಬಾಯಿಯ ಹತ್ತಿರ ಕಿವಿ ತಂದರು. "ಮತ್ತೊಮ್ಮೆ ಹೇಳು."

ಹುಡುಗ ಕಾವೇರಿಯ ಕಡೆ ನೋಡಿ ಮತ್ತೆ ಹೇಳಿದ.

"ಏ, ಚ್ಯಾಷ್ಟಿ ಮಾಡಾಕತ್ತೀಯೇನ್ಲೇ? ದನಿ ತಗಿ!"

ದನಿ ತಗಿ. ಆ ಎರಡು ಮಾತು ಸಾಹೇಬರ ತುಟಿಯಿಂದ ಅವಳ ಕಣ್ಣಿಗೆ ಬಂದು ಬಿದ್ದವು. ಅವಳ ಕಾಲ ಕೆಳಗಿನ ನೆಲ ಇನ್ನೂ ತಣ್ಣಗಾಯಿತು. ದನಿ ಇಲ್ಲವೇ? ಇವರೆಲ್ಲ ದನಿ ಇಲ್ಲದೆ ಹೇಳುತ್ತಿದ್ದರೇ? ಯಾವಾಗಿನಿಂದ?

ಭಾಗ್ಯಾ ಮುಂದೆ ಬಂದಳು. ಸಣ್ಣ ಮುಖದಲ್ಲಿ ಹೆದರಿಕೆಗಿಂತ ನ್ಯಾಯದ ಸಿಟ್ಟಿತ್ತು. ಅವಳು ದನಿ ತೆಗೆದೇ ಮಾತನಾಡಿರಬೇಕು, ಸಾಹೇಬರು ತಟ್ಟನೆ ಅವಳ ಕಡೆ ತಿರುಗಿದರು.

"ಅವಾ ಹೇಳ್ಯಾನ್ರಿ ಸರ್. ಡಸ್ಟರ್ ಅಂದಾನ. ನಿಮಗ ಕಾಣಲಿಲ್ಲೇನ್ರಿ?"

"ಕಾಣೂದಲ್ಲವಾ ತಂಗೀ, ಕೇಳಬೇಕಲ್ಲಾ."

"ನಮ್ಮ ಅಕ್ಕೋರು ನೋಡ್ತಾರ್ರಿ" ಎಂದಳು ಭಾಗ್ಯಾ. "ಒದರಿದ್ರ ತಿಳ್ಯಂಗಿಲ್ರಿ ಅವರಿಗೆ. ಹಿಂಗ ಅಂದ್ರ ತಿಳೀತೈತಿ. ನಮ್ಮ ಮಗ್ಗದಾಗಿನಂಗ."

ಕಾವೇರಿ ಮೇಜಿನ ಅಂಚು ಹಿಡಿದುಕೊಂಡಳು. ಮಕ್ಕಳಿಗೆ ಗೊತ್ತಿತ್ತು. ಅವಳು ಓಣಿಯಲ್ಲಿ ಗೋಡೆಗೆ ಅಂಟಿಕೊಂಡು ನಡೆದದ್ದು, ಬಟ್ಟೆ ಕೊಂಡು ಜಮಖಂಡಿಯಿಂದ ಓಡಿ ಬಂದದ್ದು, ಮೀಸೆಗೆ ಹೂಂ ಎಂದದ್ದು ಯಾವುದೂ ಈ ಮಕ್ಕಳಿಂದ ಏನನ್ನೂ ಮುಚ್ಚಿರಲಿಲ್ಲ. ಮುಖ ತಿರುಗಿಸಿ ಎಷ್ಟು ಕೂಗಿದರೂ ಅಕ್ಕೋರು ಓಗೊಡುವುದಿಲ್ಲ, ತುಟಿ ತೋರಿಸಿದರೆ ಸಾಕು ವೆರಿ ಗುಡ್ ಎನ್ನುತ್ತಾರೆ. ಅಷ್ಟು ತಿಳಿದ ಮೇಲೆ ಮಗ್ಗದ ಮನೆಯ ಮಕ್ಕಳು ಮತ್ತೆ ಯಾಕೆ ಗಂಟಲು ಹರಿದುಕೊಂಡಾರು? ಅವರಿಗೆ ಅದು ಕಳ್ಳತನವಲ್ಲ, ಹಾಸ್ಯವಲ್ಲ. ಹೀಗೆ ಮಾತಾಡಬೇಕಾದವರ ಜೊತೆ ಹೀಗೆ ಮಾತಾಡುವುದು, ಅಷ್ಟೇ. ಹೊರಗೆ ಮಗ್ಗಗಳು ಹೊಡೆದುಕೊಳ್ಳುತ್ತಿದ್ದಾಗ ಕ್ಲಾಸಿನ ಮೌನ ಯಾರಿಗೆ ತಿಳಿಯಬೇಕು? ಭಾಳ ಶಿಸ್ತು ನೋಡ್ರಿ.

ಅನಂತಪ್ಪನವರು ಲಗುಬಗೆಯಿಂದ ಒಳಗೆ ಬಂದರು. ಮೀಸೆ ಅಲ್ಲಾಡಿತು. ಈ ಸಲ ಅವರು ಅವಳ ಕಡೆಗೇ ಮುಖ ಮಾಡಿ, ಸಾವಕಾಶವಾಗಿ, ಕಣ್ಣಲ್ಲೇ ಸನ್ನೆ ಮಾಡುತ್ತ ಮಾತನಾಡಿದರು.

"ಇದೊಂದ ಚಟುವಟಿಕಿ ಇರಬೇಕ್ರಿ ಸರ್. ಮೂಕಾಟ. ಹೊಸಾ ಪದ್ಧತಿ. ಹೌದಿಲ್ರಿ ಕಾವೇರಿ?"

ಸಾಹೇಬರು ಅವಳ ಕಡೆ ತಿರುಗಿದರು. ಪಾರಾಗಲು ಬಾಗಿಲು ತೆರೆದಿತ್ತು. ಒಂದು ಹೂಂ ಸಾಕಿತ್ತು. ಇಷ್ಟು ದಿನ ಎಷ್ಟೋ ಹೂಂ ಹಾಕಿದ್ದಾಳೆ, ಇದೊಂದು ಹೆಚ್ಚಲ್ಲ. ಸಾಹೇಬರು ನಕ್ಕು ತಲೆ ಆಡಿಸಿ ಹೋಗುತ್ತಾರೆ. ನಾಳೆ ಮತ್ತೆ ಮೇಜು, ಮತ್ತೆ ಡಸ್ಟರು, ಮತ್ತೆ ಈ ಮುಖಗಳು. ಮತ್ತೆ ಈ ಮುಖಗಳು ಹೀಗೆಯೇ ಬಾಯಿ ಆಡಿಸುತ್ತವೆ. ಮುಂದಿನ ಕ್ಲಾಸಿಗೆ ಹೋಗುತ್ತವೆ, ಅಲ್ಲಿ ಯಾರೋ ಏನೋ ಕೇಳುತ್ತಾರೆ, ಇವು ತುಟಿ ಆಡಿಸಿ ನಿಲ್ಲುತ್ತವೆ. ದನಿ ಎಲ್ಲಿ ಎಂದು ಅವರೂ ಗದರುತ್ತಾರೆ. ಕುಣಾಲನ ಕಣ್ಣಲ್ಲಿ ಆಗಲೇ ನೀರಿತ್ತು. ಡಸ್ಟರನ್ನು ಅವನು ಇನ್ನೂ ಗದ್ದಕ್ಕೆ ಹಿಡಿದೇ ಇದ್ದ. ತಾನು ಎಲ್ಲಿ ತಪ್ಪಿದೆ ಎಂದು ಅವಳ ಮುಖ ನೋಡುತ್ತಿದ್ದ.

"ಇಲ್ರಿ ಸರ್" ಎಂದಳು ಕಾವೇರಿ. ತನ್ನ ದನಿ ಎಷ್ಟು ದೊಡ್ಡದಾಗಿ ಬಂತೋ ಅವಳಿಗೆ ತಿಳಿಯಲಿಲ್ಲ. ಮುಂದಿನ ಸಾಲಿನ ಮಕ್ಕಳು ಬೆಚ್ಚಿದ್ದನ್ನು ಮಾತ್ರ ಕಂಡಳು. "ಆಟ ಅಲ್ರಿ. ನನಗ ಕೇಳಸಂಗಿಲ್ರಿ. ಇವು ದನಿ ತಗದ ಹೇಳಾಕತ್ತಾವಂತ ತಿಳದಿದ್ನಿ. ಹುಡುಗನ್ನ ಬೈಬ್ಯಾಡ್ರಿ. ಅವಾ ಖರೇನ ಹೇಳ್ಯಾನ."

ಮುಚ್ಚಿಟ್ಟದ್ದು ಹೊರಗೆ ಬಂದರೆ ಹಗುರಾಗುತ್ತದೆ ಎಂದು ಪುರಾಣದಲ್ಲಿ ಕೇಳಿದ್ದಳು. ಏನೂ ಹಗುರಾಗಲಿಲ್ಲ. ಭಯ ಇದ್ದಲ್ಲೇ ಇತ್ತು. ಈಗ ಅದಕ್ಕೆ ಮುಖ ಬಂದಿತ್ತು ಅಷ್ಟೇ, ನುಣ್ಣಗೆ ಬೋಳಿಸಿದ ಮುಖ.

ಧರ್ಮರಾಜ ಕಿಸೆಯಿಂದ ಫೋನು ತೆಗೆದು ಅಂಗಳಕ್ಕೆ ಇಳಿದರು. ಅವಳು ಕಿಟಕಿಯಿಂದ ನೋಡಿದಳು. ಮೊದಲು ಅವರ ಮುಖ ಇತ್ತ ಇತ್ತು. 'ಇಲ್ಲೊಂದ ಪ್ರಸಂಗ ಆಗೈತ್ರಿ' ಎಂದರು. 'ಟೀಚರಿಗೆ ಕಿವಿ...' ಎಂದು ತಿರುಗಿಬಿಟ್ಟರು. ಉಳಿದದ್ದು ಬಿಳಿ ಅಂಗಿಯ ಬೆನ್ನು. ತನ್ನ ಹಣೆಯಲ್ಲಿ ಏನು ಬರೆಯುತ್ತಿದ್ದಾರೋ ಅದನ್ನೆಲ್ಲ ಆ ಬೆನ್ನಿನ ಆಚೆ ಬರೆಯುತ್ತಿದ್ದಾರೆ!

ಸೆರಗು ಜಗ್ಗಿದಂತಾಯಿತು. ಕೆಳಗೆ ನೋಡಿದರೆ ಭಾಗ್ಯಾ. ಕಿಟಕಿಯ ಕಟ್ಟೆಗೆ ಕಿವಿ ಕೊಟ್ಟು ನಿಂತು, ಮುಖ ಇವಳ ಕಡೆ ಮಾಡಿ, ಸಾಹೇಬರ ಮಾತನ್ನು ಒಂದೊಂದೇ ತುಟಿಗೆ ತರುತ್ತಿದ್ದಳು. ದನಿ ಇಲ್ಲ. 'ಮಕ್ಕಳಿಗೆ ಎಲ್ಲಾ ಬರತೈತಿ ಅನ್ನಾಕತ್ತಾರ್ರಿ.' 'ಆದ್ರ ದನಿ ಇಲ್ಲ ಅಂದ್ರು.' ಭಾಗ್ಯಾ ಕತ್ತು ಚಾಚಿದಳು. 'ತಗದ ಹಾಕೂನು ಅಂದ್ರ...'

ಅಲ್ಲಿಗೆ ಭಾಗ್ಯಾಳ ತುಟಿ ನಿಂತವು. ಕಾವೇರಿಯ ಅಂಗಾಲಿಗೆ ನಡುಕ ಹತ್ತಿತು. ಕರೆಂಟು ಬಂದು ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಎದ್ದಿದ್ದವು. ಭಾಗ್ಯಾ ಕಿವಿಯನ್ನು ಕಿಟಕಿಯ ಸರಳಿಗೆ ಒತ್ತಿ ನೋಡಿದಳು, ಮೂಗು ಸುಕ್ಕಿಸಿದಳು, ಕೈ ಚೆಲ್ಲಿದಳು. 'ಕೇಳವಲ್ದ್ರಿ ಅಕ್ಕೋರ.'

ಧರ್ಮರಾಜ ಫೋನು ಕಿಸೆಗೆ ಹಾಕಿಕೊಂಡು ಒಳಗೆ ಬಂದರು. ಮಗ್ಗದ ಸದ್ದಿಗೆ ಮುಖ ಕಿವುಚುತ್ತ, ಒಂದೊಂದು ಮಾತನ್ನೂ ಬಿಡಿಸಿ ಒದರತೊಡಗಿದರು. ಒದರುವ ಅವರ ಬಾಯಿ ಅವಳಿಗೆ ದೊಡ್ಡ ಅಕ್ಷರದ ಪುಸ್ತಕದಂತೆ ಕಂಡಿತು.

"ನಾಳಿ ಜಮಖಂಡಿಗೆ ಬರ್ರಿ. ದವಾಖಾನಿಯೊಳಗ ಕಿವಿ ತೋರಸ್ರಿ. ಮಷೀನು ಹಾಕಿದ್ರ ಕೇಳಸ್ತೈತೋ ಇಲ್ಲೋ ಅವರ ಹೇಳಬೇಕು. ಅದರ ಮ್ಯಾಲ ಮೇಲಿನವರು ನಿರ್ಧಾರ ಮಾಡ್ತಾರ. ನನ್ನ ಕೈಯಾಗ ಇಲ್ಲ."

"ಅಲ್ಲಿತನಕ ಈ ಕ್ಲಾಸ್ ಯಾರಿಗಿರಿ?"

"ಅನಂತಪ್ಪನವರು ತಗೋತಾರ."

ಅನಂತಪ್ಪನವರು ಮೀಸೆಯ ಮೇಲೆ ಕೈ ಆಡಿಸಿದರು.

ಅವಳಿಗೆ ಇನ್ನೂ ಕೇಳಬೇಕಾದ್ದು ಬಹಳ ಇತ್ತು. ತಗದ ಹಾಕೂನು ಅಂದ್ರ... ಅದರ ಮುಂದ ಏನಂದ್ರು? ಫೋನಿನ ಆಚೆಯವರು ಬ್ಯಾಡ ಅಂದರೋ, ಹೂಂ ಅಂದರೋ? ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆ. ನಾಳೆಯ ಬಸ್ಸು, ಆ ಮೆಟ್ಟಿಲು, ಒಳಗಿನ ಬೆಂಚು ಎಲ್ಲ ಒಂದರ ಹಿಂದೊಂದು ಕಣ್ಣೆದುರು ಬಂದವು. ಈ ಸಲ ಹಿಂದಿರುಗಿ ಬರುವ ಹಾಗಿರಲಿಲ್ಲ. ಅವ್ವನಿಗೂ ಇವತ್ತೇ ಹೇಳಬೇಕು.

ಸಾಹೇಬರು ಬ್ಯಾಗು ಹೆಗಲಿಗೆ ಏರಿಸಿದರು. ಮಕ್ಕಳು ಎದ್ದು ನಿಂತು ತುಟಿಯಲ್ಲೇ ಥ್ಯಾಂಕ್ಯೂ ಸರ್ ಎಂದರು. ಸಾಹೇಬರು ತಿರುಗಿ ನೋಡಲಿಲ್ಲ, ಅದನ್ನು ಅವಳು ಒಬ್ಬಳೇ ಕಂಡಳು. ಅದೇ ಅವಳನ್ನು ಅಲುಗಿಸಿದ್ದು.

"ಸರ್" ಎಂದಳು. "ಒಂದ್ ಸ್ವಲ್ಪ ನಿಂದರ್ರಿ. ಇವತ್ತಿನ ಪಾಠ ಇನ್ನೂ ಮುಗದಿಲ್ಲ. ನನಗ ಒಬ್ರ ಕಿವಿ ಬೇಕು."

ಧರ್ಮರಾಜ ಗಡಿಯಾರ ನೋಡಿದರು. ಮುಧೋಳದಲ್ಲಿ ಮತ್ತೊಂದು ಶಾಲೆ ಇತ್ತು ಅವರಿಗೆ. ಆದರೂ ಬಾಗಿಲಲ್ಲಿ ನಿಂತರು.

ಕಾವೇರಿ ಮಕ್ಕಳ ಕಡೆ ತಿರುಗಿದಳು. "ನೋಡ್ರಿ, ಮಗ್ಗದಾಗಿನಂಗ ಬ್ಯಾಡ. ಸಾಲ್ಯಾಗ ದನಿ ತಗೀಬೇಕು. ನನಗ ಕೇಳಸೂದಿಲ್ಲ. ಖರೆ. ಆದ್ರ ಬ್ಯಾರೇದವರಿಗೆ ಕೇಳಸಬೇಕು. ಕುಣಾಲ, ಬಾ."

ಕುಣಾಲ ಬಂದ. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಡಸ್ಟರನ್ನು ಗದ್ದಕ್ಕೆ ಹಿಡಿದ. ಅವನ ಕೊರಳಿನ ನರ ಉಬ್ಬಿತು, ತುಟಿ ಆಡಿದವು. ಅವಳಿಗೆ ಅದು ಮೊದಲಿನ ಡಸ್ಟರಿಗಿಂತ ಏನೂ ಬೇರೆಯಾಗಿ ಕಾಣಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಇಷ್ಟು ದಿನದಲ್ಲಿ ಯಾರನ್ನೂ ಕೇಳದಿದ್ದುದನ್ನು ಕೇಳಿದಳು.

"ಬಂತೇನ್ರಿ?"

ಧರ್ಮರಾಜ ತಲೆ ಆಡಿಸಿದರು. ಬಂತು.

ಅಜಯ ಸ್ಕೇಲ್ ಹಿಡಿದ. "ಬಂತೇನ್ರಿ?" ಸಾಹೇಬರು ಕಿವಿ ಮುಚ್ಚಿಕೊಂಡು ತಲೆ ಆಡಿಸಿದರು. ಅವನು ಒದರಿಯೇ ಇರಬೇಕು, ಪಕ್ಕದ ಕೋಣೆಯಿಂದ ಗುರುಬಸವ್ವ ಸೌಟು ಹಿಡಿದುಕೊಂಡು ಓಡಿ ಬಂದು ಇಣುಕಿದಳು. ಮಕ್ಕಳು ನಕ್ಕರು. ಕಾವೇರಿಗೆ ನಗು ಬರಲಿಲ್ಲ. ಅವಳು ಭಾಗ್ಯಾಳಿಗೆ ಕೈ ಸನ್ನೆ ಮಾಡಿದಳು.

ಭಾಗ್ಯಾ ಬಂದಳು. ಶಾರ್ಪನರನ್ನು ಗದ್ದಕ್ಕೆ ಹಿಡಿದು, ತುಟಿಯನ್ನು ಹೂವಿನಂತೆ ಚಾಚಿ, ಚೆಂದವಾಗಿ ಹೇಳಿದಳು. ತುಟಿಯ ಮೇಲೆ ಒಂದು ತಪ್ಪೂ ಇರಲಿಲ್ಲ.

"ಬಂತೇನ್ರಿ ಸರ್?"

ಬಾಗಿಲಲ್ಲಿ ನಿಂತ ಮನುಷ್ಯ ಈ ಸಲ ಇಲ್ಲವೆಂದು ಕೈ ಆಡಿಸಿದರು.

ಕಾವೇರಿ ಬಗ್ಗಿ ಆ ಸಣ್ಣ ಮುಖದ ಮಟ್ಟಕ್ಕೆ ಕೂತಳು.

"ಇನ್ನೊಮ್ಮೆ, ಭಾಗ್ಯಾ" ಎಂದಳು.